ರಾಜಕೀಯ ಕೊಳಕೆಂದು ಕೈ ತೊಳೆದುಕೊಳ್ಳುವ ಪದವೀಧರನಿಗೆ

ಕಳೆದ ವಾರ ರಜೆಯಲ್ಲಿ ಊರಿಗೆ ಬಂದಿದ್ದ ನಮ್ಮ ಹಳೆಯ ಶಿಷ್ಯನೊಬ್ಬ ಇಶಾ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ ನಮ್ಮೊಡನೆ ಕುಳಿತ. ಇತ್ತೀಚೆಗಷ್ಟೇ ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವನು. ನಗರ ಹೇಗಿದೆಯೆಂದು ಕೇಳಿದೆವು. "ಉಸ್ತಾದ್, ಅಲ್ಲಿ ನ್ಯಾಯವೆಂಬುದಿಲ್ಲ. ರಾಜಕೀಯವೆಲ್ಲ ಕೊಳಕು. ನಾನು ವೋಟು ಹಾಕಿಲ್ಲ, ಹಾಕುವುದೂ ಇಲ್ಲ. ನನ್ನ ಕೆಲಸ, ನನ್ನ ನಮಾಝ್, ಅಷ್ಟು ಸಾಕು" ಎಂದ. ಸುತ್ತ ಕುಳಿತಿದ್ದ ಹಿರಿಯರಲ್ಲಿ ಹಲವರು ತಲೆದೂಗಿದರು. ಆ ತಲೆದೂಗುವಿಕೆಯೇ ಈ ಲೇಖನಕ್ಕೆ ಕಾರಣ.

ಅವನ ನೋವು ಸುಳ್ಳಲ್ಲ. ಫೋನಿನಲ್ಲಿ ಬಾಡಿಗೆ, ಮುಂಗಡ ಎಲ್ಲವೂ ಒಪ್ಪಿಗೆಯಾದ ಮೇಲೆ ಹೆಸರು ಹೇಳಿದೊಡನೆ ಮನೆ ಬೇರೆಯವರಿಗೆ ಹೋಗಿಬಿಡುತ್ತದೆ. ಇದು ಅವನಿಗೆ ಮೂರು ಬಾರಿ ಆಯಿತು. ಇಂತಹ ಅವಮಾನವನ್ನು ನುಂಗಿದ ಯುವಕನಿಗೆ ಸಹನೆಯ ಉಪದೇಶ ಮಾಡಿ ಎದ್ದುಹೋಗುವುದು ಸುಲಭ. ನಾವು ಹಾಗೆ ಮಾಡಲಾರೆವು. ಆದರೆ ರೋಗ ನಿಜವೆಂದ ಮಾತ್ರಕ್ಕೆ ಅವನು ಆರಿಸಿಕೊಂಡ ಮದ್ದು ಸರಿಯಾಗದು.

ನೀನು ರಾಜಕೀಯವನ್ನು ಬಿಟ್ಟರೂ ರಾಜಕೀಯ ನಿನ್ನನ್ನು ಬಿಡುವುದಿಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೇರಿದಾಗ, ವೋಟು ಹಾಕದವನೆಂದು ಯಾರಿಗೂ ರಿಯಾಯಿತಿ ಸಿಗಲಿಲ್ಲ. ನಿನ್ನ ಬೀದಿಯ ಕಸ, ಚರಂಡಿ, ದೀಪಗಳ ಕಥೆಯನ್ನೇ ನೋಡು. ನಗರಾಡಳಿತ ಸಂಸ್ಥೆಯ ಅವಧಿ ಐದು ವರ್ಷ, ಅದು ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕು ಎನ್ನುತ್ತದೆ ಸಂವಿಧಾನದ 243ಯು ವಿಧಿ. ಬೆಂಗಳೂರಿನಲ್ಲಿ 2015ರ ಆಗಸ್ಟ್‌ನಲ್ಲಿ ಆಯ್ಕೆಯಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯುವವರೆಗೂ, ಅಂದರೆ ಐದು ವರ್ಷಗಳ ಕಾಲ, ಜನರು ಆರಿಸಿದ ಒಬ್ಬ ಕಾರ್ಪೊರೇಟರ್ ಕೂಡ ಅಲ್ಲಿರಲಿಲ್ಲ. ಇದು ಸಾಧ್ಯವಾದುದು ಏಕೆ? ಕೇಳುವವರು ಕಡಿಮೆಯಾದುದರಿಂದ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಈ ಮೂರು ಕ್ಷೇತ್ರಗಳಲ್ಲಿಯೂ ಮತದಾನ ಶೇ. 55ನ್ನು ಮುಟ್ಟಲಿಲ್ಲ. ಮತಗಟ್ಟೆಗೆ ಬಾರದವನ ಕೋಪಕ್ಕೆ ಯಾವ ಅಧಿಕಾರಿಯೂ ಅಂಜುವುದಿಲ್ಲ.

ಇನ್ನು, 'ನನ್ನ ನಮಾಝ್ ಸಾಕು' ಎಂಬ ಮಾತು. ಇದು ದೀನಿನ ಹೆಸರಿನಲ್ಲಿ ದೀನನ್ನು ಕಿರಿದುಗೊಳಿಸುವ ಮಾತು. ಯೂಸುಫ್(ಅ)ರು ತಮ್ಮ ಧರ್ಮದವನಲ್ಲದ ಅರಸನ ಮುಂದೆ ನಿಂತು, ನಾಡಿನ ಭಂಡಾರಗಳ ಹೊಣೆಯನ್ನು ತಾವಾಗಿಯೇ ಕೇಳಿ ಪಡೆದರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅದೂ ಅನ್ಯಾಯವಾಗಿ ಸೆರೆಮನೆಯಲ್ಲಿ ವರ್ಷಗಳನ್ನು ಕಳೆದ ಮೇಲೆ! ಪ್ರವಾದಿ(ಸ)ರು ಪ್ರವಾದಿತ್ವಕ್ಕೆ ಮುನ್ನ 'ಹಿಲ್ಫುಲ್ ಫುಝೂಲ್' ಎಂಬ ಒಪ್ಪಂದದಲ್ಲಿ ಪಾಲ್ಗೊಂಡಿದ್ದರು. ಮಕ್ಕಾದ ಪ್ರಬಲನೊಬ್ಬ ಯಮನಿನ ವ್ಯಾಪಾರಿಯಿಂದ ಸರಕು ಪಡೆದು ಹಣ ಕೊಡದೆ ಸತಾಯಿಸಿದಾಗ, ಮರ್ದಿತನ ಪರ ನಿಲ್ಲಲು ಕೆಲವು ಗೋತ್ರಗಳು ಕೂಡಿ ಮಾಡಿಕೊಂಡ ಒಪ್ಪಂದವದು. ಮುಂದೆಯೂ ಅದನ್ನು ಅವರು ಹೆಮ್ಮೆಯಿಂದಲೇ ಸ್ಮರಿಸಿದರು. ಅಂದಿನ ಮಕ್ಕಾ ಇಂದಿನ ಬೆಂಗಳೂರಿಗಿಂತ ಶುಭ್ರವಾಗಿತ್ತೇ?

ಇಷ್ಟನ್ನು ಹೇಳಿ ನಾವು ಗೆದ್ದೆವೆಂದು ಭಾವಿಸಿದೆವು. ಆಗ ಅವನು ಮೆಲ್ಲನೆ ಕೇಳಿದ: "ಉಸ್ತಾದ್, ನಮ್ಮ ಜಮಾಅತ್ ಕಮಿಟಿಯ ಮಹಾಸಭೆ ಕೊನೆಯದಾಗಿ ನಡೆದದ್ದು ಯಾವಾಗ? ಲೆಕ್ಕಪತ್ರ ಓದಿದ್ದು ನಿಮಗೆ ನೆನಪಿದೆಯೇ?" ತಲೆದೂಗಿದ್ದ ಹಿರಿಯರು ತಲೆ ತಗ್ಗಿಸಿದರು. ನಾವೂ ತಗ್ಗಿಸಿದೆವು.

ಅವನ ಪ್ರಶ್ನೆ ನ್ಯಾಯವಾದುದು. ನ್ಯಾಯದ ಪರ ದೃಢವಾಗಿ ನಿಲ್ಲಬೇಕು, ಅದು ಸ್ವತಃ ನಮಗೆ, ನಮ್ಮ ಹೆತ್ತವರಿಗೆ, ಬಂಧುಗಳಿಗೆ ಪ್ರತಿಕೂಲವಾದರೂ ಸರಿ ಎಂಬುದು ಸೂರಃ ಅನ್ನಿಸಾದ 135ನೇ ಸೂಕ್ತದ ಬೋಧನೆ. ಪಾಲಿಕೆಗೆ ಚುನಾವಣೆ ಇಲ್ಲವೆಂದು ದೂರುವ ನಾವು ನಮ್ಮ ಕಮಿಟಿಗಳಲ್ಲಿ ಅವೇ ನಾಲ್ಕು ಮನೆಗಳ ಹೆಸರನ್ನು ಮುಂದುವರಿಸುತ್ತೇವೆ. ನಗರದಲ್ಲಿ ನಮ್ಮ ಮಕ್ಕಳಿಗೆ ಮನೆ ಸಿಗದೆಂದು ಕಣ್ಣೀರಿಡುವ ನಾವು, ಊರಿನಲ್ಲಿ ನಮ್ಮದೇ ಬಾಡಿಗೆ ಕೋಣೆಯನ್ನು ಉತ್ತರ ಕರ್ನಾಟಕದಿಂದ ಬಂದ ಕೂಲಿ ಕುಟುಂಬಕ್ಕೆ ಕೊಡಲು ಹಿಂದೆಮುಂದೆ ನೋಡುತ್ತೇವೆ. ದಾರಿಯಿಂದ ತೊಡಕನ್ನು ತೆಗೆಯುವುದು ಈಮಾನಿನ ಒಂದು ಶಾಖೆ ಎಂದು ಮಿಂಬರಿನಿಂದ ಕೇಳುತ್ತೇವೆ. ಅದೇ ಹೊತ್ತಿನಲ್ಲಿ ನಮ್ಮ ಬೈಕು, ಕಾರುಗಳು ಮಸೀದಿಯ ಹೊರಗೆ ಪಾದಚಾರಿಗಳ ದಾರಿಯನ್ನು ಮುಚ್ಚಿ ನಿಂತಿರುತ್ತವೆ. ಇದನ್ನೆಲ್ಲ ನೋಡುತ್ತಾ ಬೆಳೆದ ಹುಡುಗ ಪದವಿ ಪಡೆದ ಮೇಲೆ ಎಲ್ಲವೂ ಕೊಳಕು ಎಂದರೆ, ಆ ಪಾಠವನ್ನು ಕಲಿಸಿದವರಲ್ಲಿ ನಾವೂ ಇದ್ದೇವೆ.

ಹಾಗೆಂದು ಅವನ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಹಿರಿಯರ ತಪ್ಪು ಕಿರಿಯರ ಆಲಸ್ಯಕ್ಕೆ ಪುರಾವೆಯಾಗಲಾರದು. ಲೆಕ್ಕ ಕೇಳಲು ಧೈರ್ಯವಿದ್ದವನು ಮಸೀದಿಯ ಜಗಲಿಯಲ್ಲಿ ಕೇಳಿದ್ದನ್ನು ವಾರ್ಡಿನಲ್ಲಿಯೂ ಕೇಳಬೇಕು. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹೊಸದಾಗಿ ಹೆಸರು ಸೇರಿಸಲು ನಮೂನೆ 6, ವಾಸಸ್ಥಳ ಬದಲಾಗಿದ್ದರೆ ನಮೂನೆ 8. ಮನೆಯಲ್ಲಿ 18 ತುಂಬಿದ ಮಗ, ಮಗಳು, ಹೊಸದಾಗಿ ಬಂದ ಸೊಸೆ ಇದ್ದರೆ, ಹೆತ್ತವರೇ, ಇಂದೇ ಪಟ್ಟಿಯನ್ನು ನೋಡಿರಿ.

ಅಂದು ರಾತ್ರಿ ಏಳುವ ಮುನ್ನ ನಮ್ಮಿಬ್ಬರಲ್ಲಿ ಒಂದು ಮಾತಾಯಿತು. ಅವನು ಬೆಂಗಳೂರಿಗೆ ಮರಳಿ ಈ ತಿಂಗಳೊಳಗೆ ತನ್ನ ಹೆಸರನ್ನು ನೋಂದಾಯಿಸಬೇಕು. ಮಹಾಸಭೆ ಕರೆದು, ಲೆಕ್ಕಪತ್ರವನ್ನು ಮಸೀದಿಯ ಫಲಕದಲ್ಲಿ ಹಾಕಬೇಕೆಂದು ನಾವು ಕಮಿಟಿಗೆ ಬರವಣಿಗೆಯಲ್ಲಿ ಕೇಳಬೇಕು. ನಮ್ಮ ಪತ್ರ ನಿನ್ನೆ ಕಾರ್ಯದರ್ಶಿಗಳ ಕೈ ಸೇರಿದೆ. ಅವನ ಸರದಿ ಬಾಕಿಯಿದೆ.