ಒಂದೇ ಕಡತ, ಹಲವು ಕೈಗಳು: ತಂತ್ರಾಂಶ ಏಜೆಂಟ್‌ಗಳಿಗೂ ಶಿಸ್ತು ಬೇಕು

ಬಿಲ್ ತಯಾರಿಕೆ, ದಾಸ್ತಾನು ಲೆಕ್ಕ, ಬ್ಯಾಂಕ್ ತಾಳೆ, ಜಿಎಸ್‌ಟಿ ವಿವರಪಟ್ಟಿ ಮುಂತಾದ ಕಾರ್ಯಗಳನ್ನು ತಾವಾಗಿಯೇ ನಿರ್ವಹಿಸುವ ತಂತ್ರಾಂಶ ಏಜೆಂಟ್‌ಗಳು ಇಂದು ಸಣ್ಣ ಉದ್ದಿಮೆಗಳ ಕಚೇರಿಗೂ ಕಾಲಿಡುತ್ತಿವೆ. ಒಂದೇ ಏಜೆಂಟ್ ದುಡಿಯುವವರೆಗೆ ತೊಂದರೆ ಅಲ್ಪ. ಎರಡು ಮೂರು ಏಜೆಂಟ್‌ಗಳು ಒಂದೇ ಕಡತದ ಮೇಲೆ ಏಕಕಾಲದಲ್ಲಿ ಕೈಯಿಟ್ಟಾಗ ನಿಜವಾದ ಸಮಸ್ಯೆ ಆರಂಭವಾಗುತ್ತದೆ.

ಒಂದು ಉದಾಹರಣೆಯನ್ನು ಗಮನಿಸಬಹುದು. ದಾಸ್ತಾನು ಕಡತದಲ್ಲಿ 200 ಚೀಲಗಳಿವೆ. ಮಾರಾಟದ ಏಜೆಂಟ್ ಹಾಗೂ ಖರೀದಿಯ ಏಜೆಂಟ್ ಒಂದೇ ಗಳಿಗೆಯಲ್ಲಿ ಕಡತವನ್ನು ತೆರೆದು 200 ಎಂದು ಓದಿಕೊಳ್ಳುತ್ತವೆ. ಮೊದಲನೆಯದು 30 ಕಳೆದು 170 ಎಂದು ಬರೆಯುತ್ತದೆ. ಎರಡನೆಯದು ತಾನು ಓದಿದ 200ಕ್ಕೆ 50 ಕೂಡಿಸಿ 250 ಎಂದು ಬರೆದುಬಿಡುತ್ತದೆ. ಇರಬೇಕಾದದ್ದು 220, ಪುಸ್ತಕದಲ್ಲಿರುವುದು 250. ಎರಡೂ ಏಜೆಂಟ್‌ಗಳ ಗಣಿತ ಸರಿಯಾಗಿಯೇ ಇದೆ, ದೋಷದ ಸೂಚನೆಯೂ ಮೂಡುವುದಿಲ್ಲ. ಆದರೆ ಬ್ಯಾಂಕಿಗೆ ಸಲ್ಲಿಸುವ ದಾಸ್ತಾನು ಪಟ್ಟಿ ತಪ್ಪಾಗಿರುತ್ತದೆ. ಆ ಪಟ್ಟಿಗೆ ಸಹಿ ಹಾಕುವವರು ಮಾಲೀಕರೇ ಹೊರತು ತಂತ್ರಾಂಶವಲ್ಲ.

ಈ ಸಮಸ್ಯೆ ಹೊಸತಲ್ಲ. ಎಡ್ಸ್ಗರ್ ಡೈಕ್‌ಸ್ಟ್ರಾ ಅವರು 1965ರಲ್ಲಿಯೇ, ಹಲವು ಗಣಕ ಕಾರ್ಯಗಳಲ್ಲಿ ಒಂದು ಸಮಯಕ್ಕೆ ಒಂದಕ್ಕೆ ಮಾತ್ರ ಪ್ರವೇಶ ದೊರೆಯುವಂತೆ ಮಾಡುವ ಕ್ರಮವನ್ನು ಪ್ರಕಟಿಸಿದರು. ದತ್ತಾಂಶ ವ್ಯವಹಾರಗಳು ಪೂರ್ಣವಾಗಿ ನಡೆಯಬೇಕು ಇಲ್ಲವೇ ನಡೆಯಲೇಬಾರದು ಎಂಬ ತತ್ತ್ವಕ್ಕೆ ಭದ್ರ ತಳಹದಿ ಹಾಕಿದವರಲ್ಲಿ ಪ್ರಮುಖರಾದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಸಾಮಾನ್ಯ ಪರಿಹಾರವೆಂದರೆ ಬೀಗ. ಏಕಮಾರ್ಗದ ರೈಲುದಾರಿಗಳಲ್ಲಿ ಬಳಕೆಗೆ ಬಂದ ಟೋಕನ್ ಚೆಂಡಿನ ಪದ್ಧತಿ ಇದೇ ಆಗಿದೆ. ಚೆಂಡು ಕೈಗೆ ಬಾರದೆ ಚಾಲಕನು ಮುಂದಿನ ದಾರಿಗೆ ಗಾಡಿ ಬಿಡುವಂತಿಲ್ಲ. ಒಂದು ಚೆಂಡು ಹೊರಗಿರುವಾಗ ಯಂತ್ರವು ಇನ್ನೊಂದನ್ನು ಕೊಡುವುದಿಲ್ಲ. ಆದರೆ ಕಡತದ ಬೀಗಕ್ಕೆ ಮೂರು ಮಿತಿಗಳಿವೆ.

ಮೊದಲನೆಯದಾಗಿ, ಅನೇಕ ವ್ಯವಸ್ಥೆಗಳಲ್ಲಿ ಬೀಗವು ಕೇವಲ ಸೂಚನೆ. ಯುನಿಕ್ಸ್ ಹಾಗೂ ಲಿನಕ್ಸ್‌ಗಳಲ್ಲಿ ಸಾಮಾನ್ಯವಾಗಿ, ಬೀಗವಿದೆಯೇ ಎಂದು ಕೇಳುವ ತಂತ್ರಾಂಶ ಮಾತ್ರ ಕಾಯುತ್ತದೆ. ಕೇಳದ ತಂತ್ರಾಂಶ ನೇರವಾಗಿ ಬರೆಯುತ್ತದೆ. ಎರಡನೆಯದಾಗಿ, ಬೀಗ ಹಿಡಿದ ಏಜೆಂಟ್ ನಡುವೆ ಸ್ಥಗಿತಗೊಂಡರೆ ಉಳಿದವು ಕಾಯುತ್ತಲೇ ಇರಬೇಕಾದೀತು. ಬೀಗಕ್ಕೆ ಕಾಲಮಿತಿ ಇಡಬಹುದು. ಆದರೆ ಅವಧಿ ಮುಗಿದ ಮೇಲೆ ಎಚ್ಚೆತ್ತ ಏಜೆಂಟ್ ಬೀಗ ಇನ್ನೂ ತನ್ನದೇ ಎಂದು ಭಾವಿಸಿ ಹಳೆಯ ಅಂಕಿಯನ್ನು ಬರೆಯಬಹುದು. ಆದ್ದರಿಂದ ಪ್ರತಿ ಬೀಗಕ್ಕೂ ಏರುವ ಕ್ರಮಸಂಖ್ಯೆ ನೀಡಿ, ಹಳೆಯ ಸಂಖ್ಯೆಯ ಬರಹವನ್ನು ತಿರಸ್ಕರಿಸುವ ಏರ್ಪಾಡು ಬೇಕು. ಮೂರನೆಯದಾಗಿ, ಅಂತರ್ಜಾಲದ ಮೂಲಕ ಹೊಂದಾಣಿಕೆಯಾಗುವ ಫೋಲ್ಡರುಗಳಲ್ಲಿ ಪ್ರತಿ ಗಣಕಯಂತ್ರದಲ್ಲೂ ಬೇರೆ ಪ್ರತಿಯಿರುತ್ತದೆ. ಒಂದು ಯಂತ್ರದಲ್ಲಿ ಹಾಕಿದ ಬೀಗವು ಇನ್ನೊಂದಕ್ಕೆ ತಿಳಿಯುತ್ತದೆಂಬ ಭರವಸೆಯಿಲ್ಲ.

ಹೀಗಿರುವಾಗ ವರ್ತಕರಿಗೆ ಹೆಚ್ಚು ಸುರಕ್ಷಿತವಾದ ಮಾರ್ಗ ಅವರ ಹಳೆಯ ಪದ್ಧತಿಯಲ್ಲಿಯೇ ಇದೆ. ಮಾರಾಟದ ಪುಸ್ತಕ, ಖರೀದಿಯ ಪುಸ್ತಕ, ನಗದು ಪುಸ್ತಕಗಳನ್ನು ಬೇರೆ ಬೇರೆ ಗುಮಾಸ್ತರು ಬರೆಯುತ್ತಿದ್ದರು. ಖಾತೆಗೆ ಏರಿಸುವ ಕೈ ಮಾತ್ರ ಒಂದೇ ಆಗಿರುತ್ತಿತ್ತು. ಅದೇ ರೀತಿ ಪ್ರತಿ ಏಜೆಂಟ್ ತನ್ನದೇ ಆದ ಕಡತದಲ್ಲಿ ಬರೆಯಲಿ. ಮಾರಾಟದ ಏಜೆಂಟ್ ‘ಶಿಲ್ಕು 170’ ಎನ್ನದೆ ‘30 ಚೀಲ ಹೊರಕ್ಕೆ’ ಎಂಬ ನಮೂದನ್ನಷ್ಟೇ ಮಾಡಲಿ. ಒಬ್ಬ ನೌಕರ ಅಥವಾ ಒಂದೇ ತಂತ್ರಾಂಶ ಅವುಗಳನ್ನು ಪರಿಶೀಲಿಸಿ ಸರದಿಯಂತೆ ಖಾತೆಗೆ ಏರಿಸಲಿ. ಇದರಿಂದ ಸ್ವಲ್ಪ ವಿಳಂಬವಾಗುವುದು ನಿಜ. ಆದರೆ ವಿವರಪಟ್ಟಿ ಸಲ್ಲಿಸಿದ ನಂತರ ತಪ್ಪು ಹುಡುಕುವ ಶ್ರಮಕ್ಕೆ ಹೋಲಿಸಿದರೆ ಈ ವಿಳಂಬ ಅಗ್ಗ.

ಪ್ರತಿ ಏಜೆಂಟಿಗೂ ಪ್ರತ್ಯೇಕ ಬಳಕೆದಾರ ಹೆಸರು ನೀಡುವುದು ಅಷ್ಟೇ ಮುಖ್ಯ. ಗಣಕೀಕೃತ ಲೆಕ್ಕಪತ್ರವಿಡುವ ಕಂಪನಿಗಳು ಪ್ರತಿಯೊಂದು ಬದಲಾವಣೆಯ ದಾಖಲೆಯನ್ನು ತಾನಾಗಿಯೇ ಉಳಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಆರಂಭವಾದ ಆರ್ಥಿಕ ವರ್ಷದಿಂದ ಜಾರಿಯಲ್ಲಿದೆ. ಎಲ್ಲ ಏಜೆಂಟ್‌ಗಳೂ ಮಾಲೀಕರ ಹೆಸರಿನಲ್ಲಿಯೇ ಪ್ರವೇಶಿಸಿದರೆ, ಯಾವುದು ಏನನ್ನು ತಿದ್ದಿತೆಂಬುದು ಆ ದಾಖಲೆಯಿಂದ ತಿಳಿಯದು. ಈ ನಿಯಮ ಅನ್ವಯಿಸದ ಪಾಲುದಾರಿಕೆ ಹಾಗೂ ಏಕಮಾಲೀಕ ಸಂಸ್ಥೆಗಳೂ ಇದನ್ನು ಅನುಸರಿಸುವುದು ಹಿತಕರ.

ಏಜೆಂಟ್ ಮಾರಲು ಬಂದವರನ್ನು ವರ್ತಕರು ನಾಲ್ಕು ಪ್ರಶ್ನೆ ಕೇಳತಕ್ಕದ್ದು. ಎರಡು ಏಜೆಂಟ್‌ಗಳು ಒಮ್ಮೆಲೇ ಬರೆದರೆ ಏನಾಗುತ್ತದೆ? ನಡುವೆ ವಿದ್ಯುತ್ ಹೋದರೆ ಅರ್ಧ ಬರೆದ ನಮೂದು ಉಳಿಯುತ್ತದೆಯೇ? ಬೀಗವನ್ನು ಬಿಡಿಸುವವರು ಯಾರು? ಯಾರು ತಿದ್ದಿದರೆಂಬ ದಾಖಲೆ ಎಲ್ಲಿದೆ? ಸ್ಪಷ್ಟ ಉತ್ತರ ದೊರೆಯುವವರೆಗೆ ಏಜೆಂಟಿಗೆ ಖಾತೆಯನ್ನು ಓದುವ ಅಧಿಕಾರ ಮಾತ್ರ ಸಾಕು. ‘ಆಳು ಮಾಡಿದ್ದು ಹಾಳು’ ಎಂಬ ಗಾದೆ ಮೇಲ್ವಿಚಾರಣೆಯಿಲ್ಲದ ಆಳಿಗೆ ಸಂಬಂಧಿಸಿದ್ದು. ಆಳು ಯಂತ್ರವಾದ ಮಾತ್ರಕ್ಕೆ ಮೇಲ್ವಿಚಾರಣೆಯ ಹೊಣೆ ತಪ್ಪುವುದಿಲ್ಲ.