ಬೆರಳಿನ ಓಟ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಯೊಳಗೆ ಒಂದು ವ್ಯಾಜ್ಯವು ಹುಟ್ಟಿ, ಅದರ ತೀರ್ಪನ್ನು ಹೇಳುವ ಭಾರವು ನಮ್ಮ ಮೇಲೆ ಬಿದ್ದಿತು. ಮಕ್ಕಳಿರುವ ಮನೆಗಳಲ್ಲೆಲ್ಲ ಇಂತಹವು ಹುಟ್ಟತಕ್ಕವೇ ಆದುದರಿಂದ, ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇವೆ.

ವ್ಯಾಜ್ಯಕ್ಕೆ ಕಾರಣವಾದದ್ದು ಒಂದು ವೀಡಿಯೊ ಆಟ. 1983ನೆಯ ಇಸವಿಯಲ್ಲಿ ಜಪಾನಿನ ಕೊನಾಮಿ ಸಂಸ್ಥೆಯವರು ಇದನ್ನು ಹೊರತಂದರು. ಆ ದೇಶದಲ್ಲಿ ಇದಕ್ಕೆ 'ಹೈಪರ್ ಒಲಿಂಪಿಕ್' ಎಂದೂ, ಹೊರಗೆ 'ಟ್ರ್ಯಾಕ್ ಅಂಡ್ ಫೀಲ್ಡ್' ಎಂದೂ ಹೆಸರು. ಮೊದಲು ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಗಳಲ್ಲಿದ್ದ ಈ ಆಟವು ಅನಂತರ ಮನೆಗಳಿಗೂ ಬಂದಿತು. ಇದರಲ್ಲಿ ಆರು ಸ್ಪರ್ಧೆಗಳುಂಟು: 100 ಮೀಟರ್ ಓಟ, ಉದ್ದ ಜಿಗಿತ, ಭರ್ಜಿ ಎಸೆತ, 110 ಮೀಟರ್ ಹರ್ಡಲ್ಸ್, ಹ್ಯಾಮರ್ ಎಸೆತ, ಎತ್ತರ ಜಿಗಿತ. ಪ್ರತಿಯೊಂದಕ್ಕೂ ಒಂದು ಅರ್ಹತೆಯ ಅಳತೆಯು ಗೊತ್ತಾಗಿರುವುದು. ಅದನ್ನು ಮುಟ್ಟಿದವನಿಗೆ ಮುಂದಿನ ಸ್ಪರ್ಧೆ; ಮುಟ್ಟದವನಿಗೆ ಸಾಮಾನ್ಯವಾಗಿ ಆಟವು ಅಲ್ಲಿಗೇ ಮುಗಿಯಿತು.

ಆರು ಸ್ಪರ್ಧೆಗಳಿಗೂ ಸೇರಿ ಇರುವ ಗುಂಡಿಗಳು ಮೂರೇ. ಎರಡು ಓಟಕ್ಕೆ, ಒಂದು ನೆಗೆತ ಎಸೆತಗಳಿಗೆ. ಓಟದ ಗುಂಡಿಗಳನ್ನು ಎಷ್ಟು ಬೇಗ ಬೇಗ ಬಡಿಯುವೆವೋ ತೆರೆಯ ಮೇಲಿನ ಆಟಗಾರನು ಅಷ್ಟು ವೇಗವಾಗಿ ಓಡುವನು. ಉದ್ದ ಜಿಗಿತದಲ್ಲಿ ಹೀಗೆ ಓಡಿಬಂದು, ಗೆರೆ ದಾಟುವ ಮೊದಲೇ ಮೂರನೆಯ ಗುಂಡಿಯನ್ನು ಒತ್ತಬೇಕು. ಒತ್ತಿ ಹಿಡಿದಷ್ಟು ಹೊತ್ತೂ ಜಿಗಿತದ ಕೋನವು ಏರುತ್ತ ಹೋಗುವುದು. 45 ಡಿಗ್ರಿಯ ಆಸುಪಾಸಿನಲ್ಲಿ ಬಿಟ್ಟವನು ದೂರ ಹಾರುವನು. ಗೆರೆ ದಾಟಿದರೆ ಆ ಯತ್ನವು ವ್ಯರ್ಥ. ಯತ್ನಗಳಿರುವುದು ಮೂರು ಮಾತ್ರ.

ನಮ್ಮ ಮೊಮ್ಮಗಳಿಗೆ ಹನ್ನೊಂದು ವರ್ಷ. ಅವಳ ಅಣ್ಣನಿಗೆ ಹದಿಮೂರು. ಒಂದು ಸಂಜೆ ಅವಳು ಕೆಂಪಗಾದ ಬೆರಳುಗಳನ್ನು ನಮ್ಮ ಮುಂದೆ ಚಾಚಿ, "ತಾತ, ಅಣ್ಣ ಮೋಸ ಮಾಡ್ತಾನೆ" ಎಂದಳು. ಹೋಗಿ ನೋಡಿದೆವು. ಹುಡುಗನು ಒಂದು ಪೆನ್ಸಿಲನ್ನು ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಅದರ ಎರಡು ತುದಿಗಳೂ ಏತದಂತೆ ಏರಿಳಿದು ಎರಡು ಗುಂಡಿಗಳನ್ನೂ ಬಡಿಯುವಂತೆ ಮಾಡಿದ್ದನು. ತಂಗಿಯು ಕೈಸೋತು ಅರ್ಧ ದಾರಿಯಲ್ಲಿರುವಾಗಲೇ ಅವನ ಓಟಗಾರನು ಗುರಿ ಸೇರುತ್ತಿದ್ದನು. ಕೇಳಿದರೆ, "ಪೆನ್ಸಿಲು ಹಿಡಿಯಬಾರದು ಅಂತ ಎಲ್ಲಿ ಬರೆದಿದೆ, ತಾತ?" ಎಂದನು.

ಎಲ್ಲಿಯೂ ಬರೆದಿಲ್ಲವೆಂಬುದು ನಿಜ. ಈ ಉಪಾಯವು ಅವನದೂ ಅಲ್ಲ, ಆಟದಷ್ಟೇ ಹಳೆಯದು. ಅಮೆರಿಕದ ಹುಡುಗರು ಪೆನ್ನನ್ನೂ ಜಪಾನಿನವರು ಅಡಿಪಟ್ಟಿಯನ್ನೂ ಹೀಗೆಯೇ ಉಪಯೋಗಿಸಿದ್ದುಂಟು. 1980ರ ಮಾಸ್ಕೋ ಹಾಗೂ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಕುಗಳಲ್ಲಿ ಡೆಕಾಥ್ಲಾನ್ ಗೆದ್ದ ಡೇಲಿ ಥಾಂಪ್ಸನ್ನರ ಹೆಸರಿನಲ್ಲಿ, 1984ರಲ್ಲಿ ಇಂಗ್ಲೆಂಡಿನ ಓಷನ್ ಸಂಸ್ಥೆಯವರು ಹತ್ತು ಸ್ಪರ್ಧೆಗಳ ಆಟವೊಂದನ್ನು ತಂದರು. ಅದರಲ್ಲಿ ಓಡಲು ಜಾಯ್‌ಸ್ಟಿಕ್ಕನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಬೇಕಾಗಿದ್ದು, ಎಷ್ಟೋ ಮನೆಗಳಲ್ಲಿ ಅದು ಮುರಿದೇ ಹೋಯಿತು. ಗೆಲ್ಲುವ ಆತುರವು ಎಲ್ಲ ದೇಶದ ಮಕ್ಕಳಿಗೂ ಒಂದೇ.

ತೀರ್ಪು ಹೇಳದೆ, "ಆಟ ಮುಗಿಯಲಿ" ಎಂದೆವು. ತಂಗಿಯು ಹರ್ಡಲ್ಸನ್ನು ಕೂದಲೆಳೆಯಲ್ಲಿ ದಾಟಿದಳು. ಬಳಿಕ ಹ್ಯಾಮರ್ ಎಸೆತವು ಬಂದಿತು. ನಿಜವಾದ ಪುರುಷರ ಸ್ಪರ್ಧೆಯಲ್ಲಿ 7.26 ಕಿಲೋಗ್ರಾಂ ತೂಗುವ ಆ ಗುಂಡು ಇಲ್ಲಿ ಒಂದು ಗುಂಡಿಯನ್ನು ಒಮ್ಮೆ ಒತ್ತಿದೊಡನೆ ತಾನಾಗಿಯೇ ತಿರುಗತೊಡಗಿ, ತಾನಾಗಿಯೇ ವೇಗವನ್ನು ಪಡೆಯುವುದು. ಬಡಿಯುವ ಕೆಲಸವೇ ಇಲ್ಲ. ಸುತ್ತುತ್ತಿರುವುದನ್ನು ನೋಡುತ್ತ ಕಾದಿದ್ದು, ತಕ್ಕ ಕ್ಷಣದಲ್ಲಿ ಬಿಡಬೇಕು, ಅಷ್ಟೆ. ಪೆನ್ಸಿಲಿಗೆ ಅಲ್ಲೇನೂ ಉದ್ಯೋಗವಿರಲಿಲ್ಲ. ಬಡಿದು ರೂಢಿಯಾದ ಹುಡುಗನಿಗೆ ಕಾಯುವುದಾಗಲಿಲ್ಲ. ಮೂರು ಬಾರಿಯೂ ಗುಂಡನ್ನು ದಿಕ್ಕುತಪ್ಪಿ ಬಿಟ್ಟು ಹೊರಬಿದ್ದನು. ತಂಗಿಯು ಮೊದಲೆರಡು ಸಲ ತಪ್ಪಿ, ಮೂರನೆಯ ಸಲ ಅಳತೆಯನ್ನು ಮುಟ್ಟಿದಳು.

ಆಗ ನಾವು ಹೇಳಿದ ತೀರ್ಪು ಇಷ್ಟು: ಪೆನ್ಸಿಲು ಹಿಡಿಯುವುದಾದರೆ ಇಬ್ಬರೂ ಹಿಡಿಯಿರಿ, ಇಲ್ಲವಾದರೆ ಇಬ್ಬರೂ ಬಿಡಿರಿ, ಒಬ್ಬನ ಕೈಯಲ್ಲಿ ಮಾತ್ರ ಇದ್ದರೆ ಅದು ಪಂದ್ಯವೆನಿಸದು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ಸಿಲನ್ನು ಮೇಜಿನ ಮೇಲಿಟ್ಟು, "ಯಾವಾಗ ಬಿಟ್ಟೆ, ತೋರಿಸೇ" ಎಂದು ತಂಗಿಯ ಪಕ್ಕಕ್ಕೆ ಸರಿದನು. ನಾವು ಹೇಳಿದುದಕ್ಕಿಂತ ಅದೇ ಮೇಲಾದ ತೀರ್ಪೆಂದು ನಮಗೆ ತೋರಿತು.

ಮಕ್ಕಳು ಇಂತಹ ಆಟಕ್ಕೆ ಕುಳಿತಾಗ ತಾಯಿತಂದೆಗಳು ಗದರಿಸುವುದಕ್ಕೆ ಮೊದಲು ಒಂದು ಗಳಿಗೆ ಪಕ್ಕದಲ್ಲಿ ಕುಳಿತು ನೋಡುವುದು ಒಳ್ಳೆಯದು. ಬೆರಳು ಕೆಂಪಾದಾಗ ಆಟವನ್ನು ನಿಲ್ಲಿಸಿ ಬಯಲಿಗೆ ಕಳುಹಿಸುವುದು ಇನ್ನೂ ಒಳ್ಳೆಯದು. ಅಲ್ಲಿ ಓಡಬೇಕಾದದ್ದು ಕಾಲುಗಳೇ.