ಮೈಕಿನವನಿಗೆ ದುಡ್ಡು, ಬಣ್ಣ ಹಚ್ಚಿದವನಿಗೆ ಶಾಲು!

ಊರಿನ ಹುಡುಗರು ನಾಟಕ ಆಡಬೇಕೆಂದು ಹೊರಟರೆ ಮೊದಲು ಹತ್ತುವುದು ಅಂಗಡಿ ಮೆಟ್ಟಿಲು. ಹಿಂದೆ ಕೈಯಲ್ಲಿ ರಸೀತಿ ಪುಸ್ತಕ ಇರುತ್ತಿತ್ತು, ಈಗ ಮೊಬೈಲಿನಲ್ಲಿ ಕ್ಯೂಆರ್ ಕೋಡು. ನೂರೋ ಇನ್ನೂರೋ, ಅಂಗಡಿಯವರು ಇಲ್ಲವೆನ್ನದೆ ಕೊಡುತ್ತಾರೆ. ಬೆಂಗಳೂರಿನವರು ಇದಕ್ಕೇ ಕ್ರೌಡ್‌ಫಂಡಿಂಗ್ ಅನ್ನುತ್ತಾರೆ. ಹೆಸರು ಹೊಸದು, ಪದ್ಧತಿ ಹಳೆಯದು.

ಕೂಡಿದ ದುಡ್ಡು ಹೋಗುವುದೆಲ್ಲಿಗೆ? ಶಾಮಿಯಾನ, ಮೈಕ್, ಲೈಟು, ಜನರೇಟರು, ಬಾಡಿಗೆ ವೇಷಭೂಷಣ. ಇವರೆಲ್ಲ ಮುಂಗಡ ಎಣಿಸಿಕೊಂಡೇ ಬರುವುದು. ತಪ್ಪೇನಿಲ್ಲ, ಅದು ಅವರ ಹೊಟ್ಟೆಪಾಡು. ಆದರೆ ಎರಡು ತಿಂಗಳು ಸಂಜೆ ಕೆಲಸ ಬಿಟ್ಟು ಮಾತು ಬಾಯಿಪಾಠ ಮಾಡಿದವನಿಗೆ? ತಾಲೀಮು ಮುಗಿಯುವಷ್ಟರಲ್ಲಿ ಕಡೇ ಬಸ್ಸು ತಪ್ಪಿ, ಆಟೋಕ್ಕೆ ಕೈಯಿಂದ ತೆತ್ತ ಹುಡುಗಿಗೆ? ಒಂದು ಶಾಲು, ಒಂದು ಪ್ಲೇಟು ಚಿತ್ರಾನ್ನ. ಬಾಯಿಬಿಟ್ಟು ಕೇಳಿದರೆ, ‘ಕಲಾಸೇವೆಗೂ ಕೂಲಿ ಕೇಳ್ತೀಯೇನಯ್ಯಾ?’ ಅಂತಾರೆ. ಈ ಸೇವೆಯ ಮಾತು ಜನರೇಟರಿನವನ ಮುಂದೆ ಯಾಕೆ ಬರುವುದಿಲ್ಲವೋ!

ಜನರ ದುಡ್ಡಿನಿಂದ ದೊಡ್ಡ ಕೆಲಸ ಆಗುವುದಿಲ್ಲವೆಂದಲ್ಲ. 1976ರಲ್ಲಿ ಬಂದ ಶ್ಯಾಮ್ ಬೆನೆಗಲ್ ಅವರ ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿದರು. ನಮ್ಮಲ್ಲೇ 2013ರಲ್ಲಿ ತೆರೆಗೆ ಬಂದ ಪವನ್ ಕುಮಾರ್ ಅವರ ‘ಲೂಸಿಯಾ’ಕ್ಕೆ 110 ಮಂದಿ ಸೇರಿ ಸುಮಾರು 50 ಲಕ್ಷ ಕೂಡಿಸಿದರು. ಆ ಚಿತ್ರ ಲಂಡನ್ನಿನ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಬಹುಮಾನ ಗೆದ್ದಿತು. ಇದನ್ನು ನೋಡಿಯೇ ಊರೂರಲ್ಲಿ ಕಿರುಚಿತ್ರದ ಹುಡುಗರು ಚಂದಾ ಎತ್ತತೊಡಗಿದರು. ಎತ್ತಲಿ. ಆದರೆ ಕ್ಯಾಮೆರಾಕ್ಕೆ ದಿನದ ಬಾಡಿಗೆ ಕೊಟ್ಟು, ಅದನ್ನು ಹಿಡಿದವನಿಗೆ ‘ಮುಂದಿನ ಚಿತ್ರಕ್ಕೆ ನೋಡೋಣ ಬಿಡು’ ಅನ್ನುವುದು ಯಾವ ನ್ಯಾಯ?

ಬ್ಯಾಂಕು, ಸ್ಕೂಲಿನಲ್ಲಿ ಸಂಬಳ ಇರುವವರಿಗೆ ಇದು ಹವ್ಯಾಸ. ಬಿಟ್ಟಿ ಆಡಿದರೂ ಒಲೆ ಉರಿಯುತ್ತದೆ. ಗ್ಯಾರೇಜಿನ ಹುಡುಗ ಒಂದು ದಿನ ರಜಾ ಹಾಕಿದರೆ ಅವತ್ತಿನ ಕೂಲಿ ಖೋತಾ. ಪಾಪ, ಎರಡು ನಾಟಕ ಆಡುತ್ತಾನೆ, ಮೂರನೆಯದಕ್ಕೆ ಬರುವುದಿಲ್ಲ. ‘ಹುಡುಗನಿಗೆ ಆಸಕ್ತಿ ಹೋಯಿತು’ ಎಂದು ಆಡಿಕೊಳ್ಳುವವರು ಅವನ ಮನೆ ಬಾಡಿಗೆ ವಿಚಾರಿಸಿದ್ದುಂಟೇ?

ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮನಿಧಿಗೆಂದು ರಾಜ್ಯ ಸರಕಾರ 2024ರಲ್ಲಿ ಕಾನೂನನ್ನೇನೋ ಮಾಡಿದೆ. ಸಂತೋಷ. ಕೂಲಿಯ ಒಂದು ಚೀಟಿಯೂ ಇಲ್ಲದವನು ತಾನು ಕಲೆಯಲ್ಲಿ ದುಡಿದವನು ಎನ್ನುವುದಕ್ಕೆ ಯಾವ ಕಾಗದ ತೋರಿಸಬೇಕು?

ವರ್ತಕರು ಮನಸ್ಸು ಮಾಡಿದರೆ ಇದು ಊರಿನಲ್ಲೇ ಸರಿಹೋದೀತು. ಚಂದಾಕ್ಕೆ ಬಂದವರನ್ನು ಕೂರಿಸಿ, ‘ಪಾತ್ರ ಮಾಡೋರಿಗೆ ಎಷ್ಟಿಟ್ಟಿದ್ದೀರಪ್ಪಾ?’ ಎಂದು ಕೇಳಲಿ. ಓಡಾಟದ ಖರ್ಚು, ತಪ್ಪಿದ ದಿನಗೂಲಿ ಪಟ್ಟಿಯ ಮೊದಲ ಸಾಲಿಗೆ ಬರಲಿ, ಉಳಿದದ್ದರಲ್ಲಿ ಶಾಮಿಯಾನ ಏಳಲಿ. ಸೀರಿಯಲ್ ಸೆಟ್ಟು ಎರಡು ಸಾಲು ಕಮ್ಮಿ ಉರಿದರೆ ನಾಟಕವೇನೂ ನಿಲ್ಲುವುದಿಲ್ಲ.